ಬಡಗಿಯ ದೃಷ್ಟಾಂತ

ತತ್ತ್ವಶಾಸ್ತ್ರದ ಗ್ರಂಥಗಳಲ್ಲಿ ಮೇಜು ಬಹುಕಾಲದಿಂದ ಪರಿಚಿತವಾದ ಪದಾರ್ಥ. ಗ್ರೀಸಿನ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಹತ್ತನೆಯ ಭಾಗದಲ್ಲಿ ಮಂಚವನ್ನೂ ಮೇಜನ್ನೂ ನಿದರ್ಶನವಾಗಿ ತೆಗೆದುಕೊಂಡು, ಬಡಗಿಯು ಮಾಡುವ ವಸ್ತು ನಿತ್ಯವಾದೊಂದು ಮೂಲರೂಪದ ಅನುಕೃತಿಯೆಂದೂ, ಚಿತ್ರಕಾರನು ಬರೆಯುವುದು ಆ ಅನುಕೃತಿಯ ಅನುಕೃತಿಯೆಂದೂ ನಿರೂಪಿಸಿದನು. ಖಗೋಳವಿಜ್ಞಾನಿ ಆರ್ಥರ್ ಎಡಿಂಗ್ಟನ್ 1927ರಲ್ಲಿ ಎಡಿನ್‌ಬರೋದಲ್ಲಿ ಕೊಟ್ಟ ಉಪನ್ಯಾಸಗಳನ್ನು ಗ್ರಂಥವಾಗಿ ಪ್ರಕಟಿಸಿದಾಗ, ತಾನು ಬರೆಯಲು ಕುಳಿತ ಮೇಜು ಒಂದಲ್ಲ, ಎರಡು ಎಂದು ಅದರ ಪೀಠಿಕೆಯಲ್ಲಿಯೇ ಸಾರಿದನು: ಒಂದು, ಕೈಗೆ ಗಟ್ಟಿಯಾಗಿ ತಾಕುವ, ಬಣ್ಣವೂ ಬಾಳಿಕೆಯೂ ಉಳ್ಳ ಮೇಜು, ಇನ್ನೊಂದು, ಬಹುಪಾಲು ಶೂನ್ಯವೇ ಆಗಿ, ಆ ಶೂನ್ಯದಲ್ಲಿ ವಿದ್ಯುತ್ಕಣಗಳು ಅತಿವೇಗದಿಂದ ಚಲಿಸುತ್ತಿರುವ ವಿಜ್ಞಾನದ ಮೇಜು. ಇಬ್ಬರ ವಿಚಾರವೂ ಗಂಭೀರವಾದುದೇ. ಆದರೆ ಇಬ್ಬರಿಗೂ ಮುಖ್ಯವಾದ ಪ್ರಶ್ನೆ ಮೇಜೆಂಬುದು ಏನು ಎಂಬುದು. ಪ್ಲೇಟೋವಿನ ಬಡಗಿ ಮೂಲರೂಪದ ಕಡೆಗೆ ದೃಷ್ಟಿಯಿಟ್ಟು ಕೆಲಸಮಾಡುತ್ತಾನೆಂಬುದು ನಮಗೆ ತಿಳಿಯುತ್ತದೆಯೇ ಹೊರತು, ಕೆಲಸಮಾಡುತ್ತಿರುವಾಗ ಅವನು ತನ್ನನ್ನು ಏನೆಂದು ತಿಳಿದಿರುತ್ತಾನೆ ಎಂಬುದು ಅಲ್ಲಿ ವಿಚಾರಕ್ಕೆ ಬರುವುದಿಲ್ಲ.

ಆ ವಿಚಾರ ಬಂದಿರುವುದು ನಮ್ಮ ಬ್ರಹ್ಮಸೂತ್ರದಲ್ಲಿ. ಅದರ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, ಜೀವನು ಕರ್ತನೇ ಅಲ್ಲವೇ ಎಂಬ ದೀರ್ಘವಾದ ಚರ್ಚೆಯ ನಡುವೆ, ಬಡಗಿಯೊಬ್ಬನು ಒಂದೇ ಒಂದು ಸೂತ್ರದಲ್ಲಿ, ಮೂರು ನಾಲ್ಕು ಮಾತುಗಳಲ್ಲಿ, ದೃಷ್ಟಾಂತವಾಗಿ ಬಂದುಹೋಗುತ್ತಾನೆ. ಅವನು ಏನು ಮಾಡುತ್ತಿದ್ದನೆಂದು ಸೂತ್ರಕಾರರು ಹೇಳಲಿಲ್ಲ. ರಥವೋ, ಬಾಗಿಲೋ, ಮಣೆಯೋ ನಮಗೆ ತಿಳಿಯದು. ಮಾಡಿದವನು ಯಾರು, ಮಾಡುವುದೆಂದರೇನು ಎಂಬ ಪ್ರಶ್ನೆಗೆ ಅವನೇ ಸಾಕ್ಷಿಯಾಗಿ ನಿಂತಿದ್ದಾನೆ. ಮನೆಯಲ್ಲಿ ಕುಳಿತು ಓದು ಬರಹಗಳ ಕೆಲಸಮಾಡುವ ಗೃಹಸ್ಥನು ತನ್ನ ಮೇಜನ್ನು ತಾನೇ ಮಾಡಿಕೊಳ್ಳಲು ಹೊರಟಾಗ ಅವನ ಎದುರಿಗೆ ಬಂದು ನಿಲ್ಲುವುದೂ ಈ ಪ್ರಶ್ನೆಯೇ ಎಂದು ನಾನು ನಂಬಿದ್ದೇನೆ. ಮನೆಯೇ ಅನೇಕರಿಗೆ ಕಚೇರಿಯಾಗಿರುವ ಈ ಕಾಲದಲ್ಲಿ ಸಿದ್ಧವಾದ ಮೇಜು ಅಂಗಡಿಯಲ್ಲಿ ದೊರೆಯುತ್ತದೆ. ಹಣವಿದ್ದವರಿಗೆ ಅದನ್ನು ಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಹಾಗಿದ್ದೂ ಒಬ್ಬನು ಹಲಗೆಯನ್ನು ತಂದು, ಗರಗಸವನ್ನು ಕೈಗೆತ್ತಿಕೊಂಡು, ಬೆವರಿಳಿಸಿ ಮೇಜು ಮಾಡುತ್ತಾನೆಂದರೆ, ಅವನಿಗೆ ಉಳಿಯುವ ಹಣಕ್ಕಿಂತಲೂ ಹೆಚ್ಚಿನದೇನೋ ಅದರಲ್ಲಿ ದೊರೆಯುತ್ತಿರಬೇಕು.

ಅದು ಏನೆಂದು ಕೇಳಿದರೆ ಮೊದಲು ಹೊಳೆಯುವ ಉತ್ತರ, ‘ಇದು ನಾನು ಮಾಡಿದ್ದು’ ಎಂಬ ತೃಪ್ತಿ. ಈ ತೃಪ್ತಿಯನ್ನು ಹೀನವೆಂದು ತಳ್ಳಿಹಾಕಬೇಕಾಗಿಲ್ಲ. ಆದರೆ ಅದನ್ನು ಪರೀಕ್ಷಿಸಬೇಕು. ಪರೀಕ್ಷೆಗೆ ಒರೆಗಲ್ಲು ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿದೆ. ಯಾವ ಕರ್ಮವೇ ಆಗಲಿ ಸಿದ್ಧಿಸಬೇಕಾದರೆ ಐದು ಕಾರಣಗಳು ಕೂಡಿಬರಬೇಕೆಂದು ಅಲ್ಲಿ ಎಣಿಸಿದೆ: ಅಧಿಷ್ಠಾನ, ಕರ್ತೃ, ಬಗೆಬಗೆಯ ಕರಣಗಳು, ನಾನಾವಿಧವಾದ ಚೇಷ್ಟೆಗಳು, ಐದನೆಯದಾಗಿ ದೈವ. ಹೀಗಿರುವಲ್ಲಿ ತಾನೊಬ್ಬನೇ ಕರ್ತನೆಂದು ಕಾಣುವವನ ಕಾಣ್ಕೆ ಸರಿಯಾದುದಲ್ಲವೆಂಬುದು ಅಲ್ಲಿಯ ನಿರ್ಣಯ. ಗ್ರಂಥದಲ್ಲಿ ಓದುವಾಗ ಈ ಗಣನೆ ಶುಷ್ಕವಾಗಿ ತೋರಬಹುದು. ಹಲಗೆಯ ಮುಂದೆ ನಿಂತವನಿಗೆ ಅದರ ಒಂದೊಂದು ಅಂಗವೂ ಕೈಗೆ ತಾಕುತ್ತದೆ.

ಅಧಿಷ್ಠಾನವೆಂದರೆ ದೇಹವೆಂದು ಭಾಷ್ಯಕಾರರು ಅರ್ಥಮಾಡಿದ್ದಾರೆ. ಮೇಜಿನ ಮೊದಲ ಅಳತೆ ಹುಟ್ಟುವುದು ಈ ದೇಹದಿಂದಲೇ. ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ಭುಜಗಳನ್ನು ಸಡಿಲವಾಗಿ ಇಳಿಬಿಟ್ಟು ಕೈ ಮಡಿಸಿದಾಗ ಮೊಣಕೈ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಯೇ ಮೇಜಿನ ಮೇಲ್ಮೈ ನಿಲ್ಲಬೇಕು. ಸಾಮಾನ್ಯ ಎತ್ತರದವರಿಗೆ ಅದು ನೆಲದಿಂದ 28ರಿಂದ 30 ಅಂಗುಲ. ಅದಕ್ಕಿಂತ ಎತ್ತರವಾದರೆ ಹೆಗಲು ನೋಯುತ್ತದೆ, ತಗ್ಗಾದರೆ ಬೆನ್ನು ಬಾಗುತ್ತದೆ. ನೆಲದ ಮೇಲೆ ಕುಳಿತು ಓದುತ್ತಿದ್ದ ನಮ್ಮ ಹಿರಿಯರಿಗೆ, ಒಂದೇ ಹಲಗೆಯನ್ನು ನಡುವೆ ಕೀಲಾಗುವಂತೆ ಕೊರೆದು ಎರಡಾಗಿ ತೆರೆಯುವ ವ್ಯಾಸಪೀಠವೇ ಸಾಕಾಗಿತ್ತು, ಏಕೆಂದರೆ ಅವರ ದೇಹ ಕುಳಿತ ಬಗೆ ಬೇರೆ. ಈ ದೇಹವನ್ನಾಗಲಿ ಇದರ ಅಳತೆಯನ್ನಾಗಲಿ ನಾವು ಆರಿಸಿಕೊಂಡು ಬಂದವರಲ್ಲ. ಮೇಜಿನ ಮೊದಲನೆಯ ಗೆರೆಯನ್ನು ಎಳೆಯುವ ಮುನ್ನವೇ ‘ನಾನು ಮಾಡಿದ್ದು’ ಎಂಬ ಮಾತಿನಿಂದ ಒಂದು ಪಾಲು ಕಳೆದುಹೋಗುತ್ತದೆ.

ಕರಣಗಳೆಂದರೆ ಶಾಸ್ತ್ರದಲ್ಲಿ ಇಂದ್ರಿಯಗಳು. ಹೊರಗೆ ಅವುಗಳ ನೀಡಿದ ತೋಳುಗಳಂತೆ ಗರಗಸ, ಉಳಿ, ಕೊಡತಿ, ಕೀಸುಳಿ, ಮೂಲೆಮಟ್ಟ. ಉಳಿಯ ಬಾಯನ್ನು ಹದಗೊಳಿಸಿದವನು ಕಮ್ಮಾರ. ಕಬ್ಬಿಣವನ್ನು ಕಾಯಿಸಿ ಎಷ್ಟು ಕೆಂಪಾದಾಗ ನೀರಿಗೆ ಅದ್ದಬೇಕೆಂಬ ಅರಿವು ಅವನಿಗೆ ಅವನ ಹಿಂದಿನವರಿಂದ ಬಂದದ್ದು. ಹರಿತವಾದ ಉಳಿ ನಾರನ್ನು ಕತ್ತರಿಸುತ್ತದೆ, ಮೊಂಡಾದುದು ಅದನ್ನು ಜಜ್ಜುತ್ತದೆ. ಕಾಲಿನ ಮರದಲ್ಲಿ ಕೊರೆದ ಕುಳಿಯೊಳಗೆ ಅಡ್ಡಪಟ್ಟಿಯ ತುದಿಯ ನಾಲಗೆ ಸಡಿಲವಿಲ್ಲದೆ ಕೂಡುವುದೂ ಕೂಡದಿರುವುದೂ ಈ ಒಂದು ಭೇದವನ್ನೇ ಆಶ್ರಯಿಸಿದೆ. ಇನ್ನು ಚೇಷ್ಟೆಗಳು, ಎಂದರೆ ಕೈಯ ಚಲನೆಗಳು: ಇವು ಪುಸ್ತಕದಿಂದ ಬರುವುವಲ್ಲ. ನಾನು ನನ್ನ ಮೇಜಿನ ಹಲಗೆಗೆ ಕೀಸುಳಿ ಹಿಡಿದಿದ್ದಾಗ, ನೋಡುತ್ತ ನಿಂತಿದ್ದ ನಮ್ಮೂರಿನ ಆಚಾರ್ರು ಹಲಗೆಯ ಅಂಚಿನ ಮೇಲೆ ಬೆರಳಾಡಿಸಿ, “ಈ ಕಡೆಯಿಂದ ಎಳೆದ್ರೆ ನಾರು ಏಳುತ್ತೆ ಸ್ವಾಮಿ, ಹಲಗೆ ತಿರುಗಿಸಿಕೊಳ್ಳಿ” ಎಂದರು. ತಿರುಗಿಸಿಕೊಂಡು ಎಳೆದಾಗ ಸುರುಳಿ ಸುರುಳಿಯಾಗಿ, ಕಾಗದದಷ್ಟು ತೆಳ್ಳಗೆ ಸಿಪ್ಪೆ ಬಂದಿತು. ಹಲಗೆಯ ಮೈ ಕನ್ನಡಿಯಂತಾಯಿತು. ಎಳೆದ ಕೈ ನನ್ನದೇ. ಎಳೆತದೊಳಗಿನ ವಿವೇಕ ನನ್ನದಾಗಿರಲಿಲ್ಲ. ಅದು ಅವರದೂ ಅಲ್ಲವೆಂದು ಅವರೇ ಹೇಳಿಯಾರು, ಏಕೆಂದರೆ ಅವರ ತಂದೆ ಅವರಿಗೆ ಹೀಗೆಯೇ ಪಕ್ಕದಲ್ಲಿ ನಿಂತು ಹೇಳಿಕೊಟ್ಟವರು.

ಐದನೆಯದು ದೈವ. ಮರಗೆಲಸದಲ್ಲಿ ಈ ಮಾತಿಗಿರುವ ಅರ್ಥವ್ಯಾಪ್ತಿ ವಿಸ್ಮಯಕರವಾದುದು. ಹಲಸಿನ ಕೆಚ್ಚನ್ನೇ ತೆಗೆದುಕೊಳ್ಳಿ. ವೀಣೆಯ ಕೊಡಕ್ಕೂ ಮೃದಂಗದ ಒಡಲಿಗೂ ಆಗುವ ಈ ಮರ ಕೊಯ್ದಾಗ ಹೊನ್ನಿನ ಬಣ್ಣದ್ದಾಗಿದ್ದು, ಗಾಳಿ ಬೆಳಕುಗಳು ತಾಕುತ್ತ ತಾಕುತ್ತ ಕಂದುಬಣ್ಣಕ್ಕೆ ತಿರುಗುತ್ತದೆ; ತಡೆಯುವೆನೆಂದರೂ ತಿರುಗುತ್ತದೆ. ಕೊಯ್ದ ಹಲಗೆ ಒಣಗುವುದಕ್ಕೆ ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬ ಲೆಕ್ಕವನ್ನು ಬಡಗಿಗಳು ಇಟ್ಟುಕೊಂಡಿದ್ದಾರೆ. ಆ ಕಾಲವನ್ನು ಕೊಡದೆ ಅವಸರಿಸಿದವನ ಮೇಜು ಮುಂದೆ ಸೊಟ್ಟಗಾಗುತ್ತದೆ. ಒಣಗಿದ ಮೇಲೂ ಮರದ ಜೀವ ನಿಲ್ಲುವುದಿಲ್ಲ. ಮಳೆಗಾಲದ ತೇವವನ್ನು ಹೀರಿ ಹಲಗೆ ಅಗಲದಲ್ಲಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಮಾತ್ರ ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ. ಮರದ ನಾರುಗಳು ಉದ್ದಕ್ಕೆ ಹಬ್ಬಿ, ನೀರನ್ನು ತಮ್ಮ ಗೋಡೆಗಳಲ್ಲಿ ತುಂಬಿಕೊಂಡು ಅಡ್ಡಕ್ಕೆ ಉಬ್ಬುವುದೇ ಇದಕ್ಕೆ ಕಾರಣ. ಆದುದರಿಂದ ತಿಳಿದ ಬಡಗಿ ಮೇಲಣ ಹಲಗೆಯನ್ನು ಚೌಕಟ್ಟಿಗೆ ಎಲ್ಲ ಕಡೆಯಿಂದಲೂ ಬಿಗಿದು ಹೊಡೆಯುವುದಿಲ್ಲ. ತಿರುಪು ಕೂರುವ ತೂತನ್ನು ಕೊಂಚ ಉದ್ದವಾಗಿ ಕೊರೆದು, ಹಲಗೆ ತನ್ನ ಋತುಧರ್ಮಕ್ಕೆ ತಕ್ಕಂತೆ ಸರಿದಾಡಲು ಅವಕಾಶ ಬಿಡುತ್ತಾನೆ. ಬಿಗಿದು ಕಟ್ಟಿದರೆ ಹಲಗೆಯೇ ಸೀಳುತ್ತದೆ. ತನ್ನ ಅಧೀನದಲ್ಲಿಲ್ಲದುದಕ್ಕೆ ಎಡೆಮಾಡಿಕೊಡುವುದೇ ಕೌಶಲವೆಂಬ ಈ ತಿಳಿವು ಆ ಉದ್ದನೆಯ ತೂತಿನಲ್ಲಿ ಮೂರ್ತವಾಗಿದೆ. ದೈವವನ್ನು ಐದನೆಯ ಕಾರಣವೆಂದು ಎಣಿಸಿದವರು ಇದನ್ನು ಒಪ್ಪುತ್ತಿದ್ದರೆಂದು ನನಗೆ ತೋರುತ್ತದೆ.

ಹೀಗೆ ನಾಲ್ಕು ಪಾಲುಗಳು ಹೋದಮೇಲೆ ಉಳಿದ ಒಂದು ಪಾಲು ಕರ್ತೃವಿನದು. ಆ ಪಾಲಾದರೂ ಎಂಥದು? ಇಲ್ಲಿಯೇ ಸೂತ್ರದ ಬಡಗಿ ಮತ್ತೆ ನಮಗೆ ಬೇಕಾಗುತ್ತಾನೆ. ಅವನನ್ನು ಮೂವರು ಆಚಾರ್ಯರು ಮೂರು ಬಗೆಯಾಗಿ ಕಂಡಿದ್ದಾರೆ. ಶೃಂಗೇರಿಯ ಪರಂಪರೆಗೆ ಮೂಲಪುರುಷರಾದ ಶಂಕರರ ಭಾಷ್ಯದಲ್ಲಿ, ಬಾಚಿಯೇ ಮೊದಲಾದ ಸಲಕರಣೆಗಳನ್ನು ಹಿಡಿದಿರುವವರೆಗೆ ಬಡಗಿ ಕರ್ತನು, ದುಃಖಿ. ಅವನೇ ಮನೆಗೆ ಬಂದು ಅವುಗಳನ್ನು ಬದಿಗಿರಿಸಿದನೆಂದರೆ ಸ್ವಸ್ಥನು, ಸುಖಿ. ಜೀವನ ಕರ್ತೃತ್ವವೂ ಹಾಗೆಯೇ ಉಪಾಧಿಯಿಂದ ಬಂದದ್ದು, ಸ್ವಭಾವಸಿದ್ಧವಾದುದಲ್ಲ. ಬೆಂಕಿಗೆ ಬಿಸಿ ಹೇಗೋ ಹಾಗೆ ಅದು ಆತ್ಮಕ್ಕೆ ಅಂಟಿದ್ದರೆ ಬಿಡುಗಡೆಯೆಂಬುದೇ ಇರಲಾರದೆಂದು ಅವರ ತರ್ಕ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ಇದನ್ನು ಒಪ್ಪುವುದಿಲ್ಲ. ಅವರ ಬಡಗಿ ಸಲಕರಣೆಗಳು ಹತ್ತಿರವಿದ್ದಾಗಲೂ ಇಚ್ಛೆಯಿದ್ದರೆ ಮಾಡುತ್ತಾನೆ, ಇಲ್ಲದಿದ್ದರೆ ಸುಮ್ಮನಿರುತ್ತಾನೆ. ಜಡವಾದ ಬುದ್ಧಿಯೇ ಕರ್ತೃವಾಗಿದ್ದರೆ ಅದಕ್ಕೆ ಇಚ್ಛಾನಿಯಮವಿಲ್ಲದುದರಿಂದ ಕೆಲಸ ಸದಾ ನಡೆಯುತ್ತಲೇ ಇರಬೇಕಾಗಿತ್ತು. ಆದುದರಿಂದ ಚೇತನನಾದ ಜೀವನೇ ನಿಜವಾದ ಕರ್ತನು. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ಬಡಗಿಗೆ ಕರ್ತೃತ್ವವೂ ಉಂಟು, ಮಾಡಿಸುವವನ ಅಧೀನತೆಯೂ ಉಂಟು; ಜೀವನೂ ಹಾಗೆಯೇ ಮಾಡುವವನು, ಆದರೆ ಭಗವಂತನು ಮಾಡಿಸಿದಂತೆ ಮಾಡುವವನು.

ಮೂರು ದರ್ಶನಗಳ ನಡುವಣ ಭೇದವನ್ನು ಒಂದು ಮೇಜು ತೀರ್ಮಾನಿಸಲಾರದು; ಅವನ್ನು ಒಂದಾಗಿ ಕಲಸಿಬಿಡುವುದು ಮೂವರಿಗೂ ಮಾಡುವ ಅಪಚಾರವಾದೀತು. ಆದರೆ ಕೆಲಸದಲ್ಲಿ ತೊಡಗಿದವನು ಮೂವರ ಬಡಗಿಯರನ್ನೂ ತನ್ನ ಅನುಭವದೊಡನೆ ಹೋಲಿಸಿ ನೋಡಬಹುದು. ಉಳಿಯನ್ನು ಎತ್ತುವುದೂ ಎತ್ತದಿರುವುದೂ ನನ್ನ ಇಚ್ಛೆಯಲ್ಲಿದೆಯೆಂಬ ರಾಮಾನುಜರ ಮಾತನ್ನು ಯಾರೂ ಅಲ್ಲಗಳೆಯಲಾರರು. ಅದಿಲ್ಲದಿದ್ದರೆ ಹೊಣೆಯೆಂಬುದೂ ಇಲ್ಲ, ಓರೆಯಾದ ಸಂದನ್ನು ಸರಿಪಡಿಸಬೇಕಾದವರೂ ಇಲ್ಲ. ಎತ್ತಿದ ಮೇಲೆ ಮರದ ನಾರು, ಉಕ್ಕಿನ ಹದ, ಗುರುವಿನ ಮಾತು, ಮಳೆ ಬಿಸಿಲುಗಳ ಗತಿ ಇವುಗಳ ಅಧೀನನಾಗಿಯೇ ನಾನು ಮಾಡತಕ್ಕವನೆಂಬುದು ಮಧ್ವರ ಮಾತಿಗೆ ಸಮೀಪವಾದ ಅನುಭವ. ಶಂಕರರ ದೃಷ್ಟಾಂತದಲ್ಲಿ ಮಾತ್ರ ಒಂದು ಅಂಶ ನನ್ನನ್ನು ಬಹುಕಾಲ ಕಾಡಿದೆ: ಬಾಚಿ ಹಿಡಿದವನು ದುಃಖಿಯೇ ಆಗಿರಬೇಕೇ? ದಣಿವು ಉಂಟು, ನಿಜ. ಆದರೆ ಹಲಗೆಯ ಮೈ ನುಣುಪಾಗುತ್ತಿರುವಾಗ ಕೆಲಸಗಾರನಲ್ಲಿ ಮೂಡುವ ಪ್ರಸನ್ನತೆ ದುಃಖದ ಜಾತಿಯದಲ್ಲ. ಆ ಹೊತ್ತಿನಲ್ಲಿ ‘ನಾನು’ ಎಂಬ ಭಾವವೇ ಕ್ಷೀಣವಾಗಿ, ಕಣ್ಣೂ ಕೈಯೂ ಮರವೂ ಮಾತ್ರ ಉಳಿದಿರುತ್ತವೆ. ಈ ಮೇಜನ್ನು ನೋಡಿ ಯಾರು ಏನೆಂದಾರು, ಇದಕ್ಕೆ ಬೆಲೆ ಎಷ್ಟಾದೀತು, ನನ್ನ ಕುಶಲತೆ ಎಷ್ಟು ದೊಡ್ಡದು ಎಂಬ ಎಣಿಕೆ ನಡುವೆ ತಲೆಹಾಕಿದೊಡನೆ ದುಃಖವೂ ಜೊತೆಗೇ ಬರುತ್ತದೆ. ದುಃಖದ ಬೇರು ಬಾಚಿಯಲ್ಲಿಲ್ಲ, ಬಾಚಿಯ ಜೊತೆಗೆ ನಾವು ಹಿಡಿದುಕೊಳ್ಳುವ ಅಹಂಕಾರದಲ್ಲಿದೆ. ಕರ್ತೃತ್ವಾಭಿಮಾನವೇ ಬಂಧನವೆನ್ನುವ ಶಂಕರರ ಮೂಲಸಿದ್ಧಾಂತಕ್ಕೆ ಇದು ದೂರವಾದ ಮಾತೂ ಅಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಹೋಗುವುದು ಅನ್ಯಾಯ. ಬಡಗಿಯನ್ನು ದೃಷ್ಟಾಂತವಾಗಿ ಕರೆದ ಅದೇ ಬ್ರಹ್ಮಸೂತ್ರದ ಮೊದಲ ಅಧ್ಯಾಯದಲ್ಲಿ, ಶೂದ್ರನಿಗೆ ವೇದಾಧಿಕಾರವಿಲ್ಲವೆಂದು ಆಚಾರ್ಯರು ಅರ್ಥಮಾಡಿದ ಪ್ರಕರಣವೂ ಇದೆ. ದುಡಿಯುವ ಕೈ ಗ್ರಂಥದೊಳಕ್ಕೆ ಉದಾಹರಣೆಯಾಗಿ ಬರಬಹುದಾಗಿತ್ತು. ದುಡಿಯುವವನು ಕೇಳುಗನಾಗಿ ಬಂದು ಕುಳಿತುಕೊಳ್ಳಲು ಬಾಗಿಲು ಅಷ್ಟು ಸುಲಭವಾಗಿ ತೆರೆಯಲಿಲ್ಲ. ಬಾಚಿ ಹಿಡಿದವನಿಗೆ ದುಃಖವಾಗುತ್ತದೆಯೋ ಇಲ್ಲವೋ ಎಂಬುದನ್ನು ಅವನನ್ನೇ ಕೇಳಿ ತಿಳಿಯುವ ಅವಕಾಶ ಶಾಸ್ತ್ರಚರ್ಚೆಗೆ ಇಲ್ಲವಾಯಿತು. ಆ ಅವಕಾಶ ಒದಗಿದ್ದು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ. ಅಲ್ಲಿ ದೋಣಿ ನಡೆಸುವ ಚೌಡಯ್ಯನೂ, ಬಿದಿರ ಬುಟ್ಟಿ ಹೆಣೆಯುವ ಕೇತಯ್ಯನೂ, ಹಗ್ಗ ಹೊಸೆಯುವ ಚಂದಯ್ಯನೂ ಮಾತನಾಡಿದರು. ಅವರ ನಡುವೆ ಬಾಚಿಕಾಯಕದ ಬಸವಣ್ಣನೆಂಬ ಬಡಗಿಯೂ ಇದ್ದು, ತನ್ನ ವಚನಗಳ ಅಂಕಿತದಲ್ಲಿ ವಿಶ್ವಕರ್ಮನ ಹೆಸರನ್ನು ಸೇರಿಸಿಕೊಂಡನು. ಭಾಷ್ಯದಲ್ಲಿ ಬಡಗಿಯ ಕೈಯಲ್ಲಿದ್ದ ಬಾಚಿಯೇ ಈ ಶರಣನ ಹೆಸರಿನ ಮುಂದೆ ನಿಂತಿದೆ. ದೃಷ್ಟಾಂತವಾಗಿದ್ದವನು ಇಲ್ಲಿ ವಕ್ತಾರನಾದನು. ಕಾಯಕವು ಮುಗಿಸಿ ಬದಿಗಿಡಬೇಕಾದ ಹೊರೆಯೆಂಬ ಭಾವನೆಯನ್ನು ಶರಣರು ಬಿಟ್ಟುಕೊಟ್ಟು, ಮಾಡುತ್ತಿರುವ ಕೆಲಸವೇ ಪೂಜೆಯ ಸ್ಥಾನವನ್ನು ಪಡೆಯಬಲ್ಲುದೆಂದು ಕಂಡುಕೊಂಡರು. ಅವರಲ್ಲಿಯೇ ಆಯ್ದಕ್ಕಿ ಲಕ್ಕಮ್ಮ, ಗಂಡನು ಎಂದಿನದಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಮಾಡಿದಳು. ತನ್ನ ಮೇಜನ್ನು ತಾನೇ ಮಾಡುವವನಿಗೆ ಈ ಎರಡನೆಯ ಪಾಠವೂ ಬೇಕು: ಎರಡು ಅಡಿ ಅಗಲ, ನಾಲ್ಕು ಅಡಿ ಉದ್ದದ ಹಲಗೆಯಲ್ಲಿ ಒಬ್ಬನ ಓದು ಬರಹಕ್ಕೆ ಬೇಕಾದಷ್ಟು ಸ್ಥಳವಿದೆ, ಅದಕ್ಕಿಂತ ಮಿಗಿಲಾದುದು ಬಹುವೇಳೆ ಕೆಲಸಕ್ಕಲ್ಲ, ತೋರ್ಕೆಗೆ.

ಒಂದು ಆಕ್ಷೇಪವನ್ನು ಎದುರಿಸಬೇಕು. ಬಡಗಿ ಇರುವಾಗ ಅವನ ಕೆಲಸವನ್ನು ಇನ್ನೊಬ್ಬನು ಮಾಡಿಕೊಂಡರೆ ಅವನ ಜೀವನೋಪಾಯಕ್ಕೆ ಕುಂದಲ್ಲವೇ, ಪರಧರ್ಮಕ್ಕೆ ಕೈಹಾಕಿದಂತಾಗುವುದಿಲ್ಲವೇ? ಧರ್ಮವನ್ನು ಹುಟ್ಟಿನ ಕಸುಬಿಗೆ ಕಟ್ಟಿಹಾಕುವ ಅರ್ಥವನ್ನು ನಾನು ಒಪ್ಪಲಾರೆ. 1910ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಆರಂಭವಾದ ಟಾಲ್‌ಸ್ಟಾಯ್ ಫಾರಂನಲ್ಲಿ, ವಕೀಲರಾಗಿದ್ದ ಗಾಂಧಿಯವರೂ ವಾಸ್ತುಶಿಲ್ಪಿಯಾಗಿದ್ದ ಕ್ಯಾಲನ್‌ಬಾಕರೂ ಸಂಗಡಿಗರೊಡನೆ ಮೆಟ್ಟು ಹೊಲಿದರು, ಮರಗೆಲಸ ಮಾಡಿದರು. ಬುದ್ಧಿಯ ಕೆಲಸ ಎಷ್ಟೇ ಇದ್ದರೂ ದೇಹಶ್ರಮದಿಂದ ಯಾರಿಗೂ ವಿನಾಯಿತಿಯಿಲ್ಲವೆಂಬುದು ಅವರ ನಿಷ್ಠೆಯಾಗಿತ್ತು. ಹಲಗೆಗೆ ಒಮ್ಮೆ ಕೀಸುಳಿ ಹಿಡಿದವನು ಬಡಗಿಯ ಕೂಲಿಯ ವಿಷಯದಲ್ಲಿ ಮತ್ತೆಂದೂ ಚೌಕಾಸಿ ಮಾಡಲಾರನು. ಒಂದು ಬಾಗಿಲಿನ ಚೌಕಟ್ಟಿನಲ್ಲಿ ಎಷ್ಟು ಅರಿವು ಅಡಗಿದೆಯೆಂದು ಅವನ ಮೈಗೇ ತಿಳಿದಿರುತ್ತದೆ. ಬಡಗಿಯ ಮಾನ ಹೆಚ್ಚುವುದು ಇಂಥ ತಿಳಿವಿನಿಂದಲೇ ಹೊರತು, ಮರವನ್ನು ಮುಟ್ಟದವರ ಹೊಗಳಿಕೆಯಿಂದಲ್ಲ.

ನಮ್ಮ ನಾಡಿನಲ್ಲಿ ವರ್ಷಕ್ಕೊಮ್ಮೆ, ಮಹಾನವಮಿಯ ದಿನ, ಬಡಗಿಯ ಅಂಗಡಿಯಲ್ಲಿ ಗರಗಸವೂ ಉಳಿಯೂ ಬಾಚಿಯೂ ಕೆಲಸ ನಿಲ್ಲಿಸುತ್ತವೆ. ಅವನ್ನು ಒರೆಸಿ, ಸಾಲಾಗಿ ಇರಿಸಿ, ಅರಿಶಿನ ಕುಂಕುಮ ಹಚ್ಚಿ, ಹೂವೇರಿಸಿ ಪೂಜಿಸುತ್ತಾರೆ. ಆ ದಿನ ಯಾರೂ ಅವನ್ನು ಕೆಲಸಕ್ಕೆ ಮುಟ್ಟುವುದಿಲ್ಲ. ಅದೇ ನವರಾತ್ರಿಯಲ್ಲಿ ಓದು ಬರಹದವರ ಮನೆಗಳಲ್ಲಿ ಪುಸ್ತಕಗಳನ್ನೂ ಲೇಖನಿಯನ್ನೂ ಸರಸ್ವತಿಯ ಮುಂದೆ ಇರಿಸಿ, ಅವನ್ನು ಮತ್ತೆ ತೆಗೆಯುವವರೆಗೆ ಓದನ್ನೂ ಬರಹವನ್ನೂ ನಿಲ್ಲಿಸುವ ಸಂಪ್ರದಾಯವಿದೆ. ಭಾಷ್ಯದಲ್ಲಿ ಬಡಗಿಯು ಸಲಕರಣೆಗಳನ್ನು ಕೆಳಗಿಟ್ಟು ಸ್ವಸ್ಥನಾದದ್ದನ್ನು ಒಂದು ಸಮಾಜವೇ ಇಲ್ಲಿ ಆಚರಿಸುತ್ತಿದೆ. ಆದರೆ ಒಂದು ಹೆಚ್ಚಿನ ಅರ್ಥವನ್ನು ಸೇರಿಸಿ ಆಚರಿಸುತ್ತಿದೆ. ಕೆಳಗಿಟ್ಟ ಬಾಚಿಗೆ ಇಲ್ಲಿ ನಮಸ್ಕಾರವುಂಟು. ಅದು ಕಳಚಿಕೊಂಡ ಸಂಕೋಲೆಯಲ್ಲ, ಐದು ಕಾರಣಗಳಲ್ಲಿ ಒಂದು. ನಮ್ಮ ಕೃತಜ್ಞತೆಗೆ ಪಾತ್ರವಾದ ಸಹಕಾರಿ. ಮೇಜು ಮಾಡಿದ ಉಳಿಯೂ, ಮೇಜಿನ ಮೇಲೆ ಓಡುವ ಲೇಖನಿಯೂ ಒಂದೇ ಹಬ್ಬದಲ್ಲಿ ವಿಶ್ರಮಿಸುವುದೆಂದರೆ, ಕೈಗೆಲಸಕ್ಕೂ ಬುದ್ಧಿಗೆಲಸಕ್ಕೂ ನಮ್ಮ ಹಿರಿಯರು ಒಂದೇ ಶಿಸ್ತನ್ನು ವಿಧಿಸಿದ್ದರೆಂದು ಅರ್ಥ.

ಈ ಶಿಸ್ತು ಹೆಚ್ಚಾಗಿ ಬೇಕಾಗಿರುವುದು ಬುದ್ಧಿಗೆಲಸದವನಿಗೆ. ಮರದಲ್ಲಿ ಕೆಲಸಮಾಡುವವನ ಅಹಂಕಾರವನ್ನು ಮರವೇ ತಿದ್ದುತ್ತದೆ; ಗಂಟಿಗೆ ತಾಕಿದ ಉಳಿ ತಾನಾಗಿಯೇ ನಿಲ್ಲುತ್ತದೆ, ಓರೆಯಾದ ಕಾಲನ್ನು ಮೂಲೆಮಟ್ಟವು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ಅಕ್ಷರದಲ್ಲಿ ಕೆಲಸಮಾಡುವವನಿಗೆ ಅಂಥ ಪ್ರತಿರೋಧ ಸುಲಭವಾಗಿ ದೊರೆಯುವುದಿಲ್ಲ. ತಾನು ಬರೆದುದರಲ್ಲಿ ಭಾಷೆಯ ಪಾಲೆಷ್ಟು, ಗುರುಗಳ ಪಾಲೆಷ್ಟು, ಓದಿದ ಗ್ರಂಥಗಳ ಪಾಲೆಷ್ಟು, ಸುಮ್ಮನೆ ಒದಗಿಬಂದ ಹೊಳಹಿನ ಪಾಲೆಷ್ಟು ಎಂಬುದನ್ನು ಅವನು ಲೆಕ್ಕಹಾಕದೆ, ಎಲ್ಲವನ್ನೂ ತನ್ನ ಹೆಸರಿಗೆ ಬರೆದುಕೊಳ್ಳುವುದೇ ಹೆಚ್ಚು. ತಾನೇ ಮಾಡಿದ ಮೇಜಿನ ಮುಂದೆ ಕುಳಿತವನು ಈ ಲೆಕ್ಕವನ್ನು ಒಮ್ಮೆಯಾದರೂ ಮರದಲ್ಲಿ ಹಾಕಿ ನೋಡಿರುತ್ತಾನೆ. ಅದೇ ಲೆಕ್ಕ ಬರಹಕ್ಕೂ ಸಲ್ಲುವುದೆಂದು ಒಪ್ಪಿಕೊಳ್ಳಲು ಅವನಿಗೆ ಕಷ್ಟವಾಗಬಾರದು. ಮೇಜು ಮಾಡಿದುದರಿಂದ ಯಾರಿಗೂ ಮೋಕ್ಷ ಬರುವುದಿಲ್ಲ. ಆದರೆ ಮಾಡುವ ಹೊಣೆಯನ್ನು ಪೂರ್ತಿಯಾಗಿ ಹೊತ್ತು, ಮಾಡಿದೆನೆಂಬ ಒಡೆತನವನ್ನು ಐದರಲ್ಲಿ ಒಂದು ಪಾಲಿಗೆ ಇಳಿಸಿಕೊಂಡು ಬಾಳುವುದು ಸಾಧ್ಯವೆಂಬುದನ್ನು ಗೃಹಸ್ಥನು ತನ್ನ ಮನೆಯಲ್ಲಿಯೇ, ತನ್ನ ಕೈಯಿಂದಲೇ ಕಲಿಯಬಲ್ಲನು. ಆ ಕಲಿಕೆಗೆ ಶಾಸ್ತ್ರಾಧಿಕಾರವನ್ನು ಯಾರೂ ಕೊಡಬೇಕಾಗಿಲ್ಲ, ಯಾರೂ ತಡೆಯಲಾರರು.